ಕೂತು, ಒರಗಿ, ನಿಂತು: ಎಲಿಪ್ಟಿಕಲ್ ಯಂತ್ರ ಎಲ್ಲರ ಮೈಗೂ ಒಗ್ಗಬೇಕಾದರೆ

ಹಾಸನದಲ್ಲಿ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಓಪನ್ ಜಿಮ್ ಇದೆ. ಬೆಳಿಗ್ಗೆ ಆರಕ್ಕೆ ವಾಕಿಂಗ್ ಬರುವವರು ನಾಲ್ಕು ಸುತ್ತು ಹಾಕಿ, ಅಲ್ಲಿ ಐದು ನಿಮಿಷ ಕೈಕಾಲು ಆಡಿಸಿ ಮನೆಗೆ ಹೋಗುತ್ತಾರೆ. ಎರಡು ಪೆಡಲು, ಎರಡು ಉದ್ದನೆಯ ಹಿಡಿಕೆ ಇರುವ ಯಂತ್ರವೊಂದು ಅಲ್ಲಿದೆ. ಜಿಮ್‌ನವರು ಅದನ್ನು ಎಲಿಪ್ಟಿಕಲ್ ಅಥವಾ ಕ್ರಾಸ್ ಟ್ರೇನರ್ ಅಂತಾರೆ. ಪಾರ್ಕಿಗೆ ಬರುವ ಹೆಂಗಸರಿಗೆ ಅದು "ನಡೆಯೋ ಮಿಷನ್".

ಅಮ್ಮನಿಗೆ 67 ವರ್ಷ. ಎತ್ತರ 148 ಸೆಂಟಿಮೀಟರ್. ಸಕಲೇಶಪುರದ ಕಡೆ ಕಾಫಿ ತೋಟದ ಇಳಿಜಾರಿನಲ್ಲಿ ವರ್ಷಗಟ್ಟಲೆ ಹತ್ತಿ ಇಳಿದ ಮಂಡಿ ಅವರದು. ಈಗ ಎರಡೂ ನೋಯುತ್ತವೆ. ನಡೆದರೆ ನೋವು, ನಡೆಯದಿದ್ದರೆ ಇನ್ನೂ ಬಿಗಿತ. ಹಾಗಾಗಿ ಒಂದು ದಿನ ನಾನೇ ಕರೆದುಕೊಂಡು ಹೋಗಿ ಆ ಮಿಷನ್ ಹತ್ತಿಸಿದೆ.

ನೆರಿಗೆ ಸ್ವಲ್ಪ ಎತ್ತಿ ಕಟ್ಟಿಕೊಂಡರು. ಚಪ್ಪಲಿ ಬಿಟ್ಟರು. ಹಿಡಿಕೆ ಹಿಡಿದು ಬಲಗಾಲನ್ನು ಪೆಡಲಿನ ಮೇಲೆ ಇಟ್ಟರು. ಭಾರ ಬಿದ್ದ ಕ್ಷಣವೇ ಪೆಡಲು ದಡಕ್ಕನೆ ಕೆಳಗೆ ಹೋಯಿತು. ಎಡಗಾಲು ಇನ್ನೂ ನೆಲದ ಮೇಲೇ ಇತ್ತು. ಹಿಡಿಕೆಯೂ ಪೆಡಲಿನ ಜೊತೆಗೇ ಸರಿಯಿತು, ಯಾಕಂದರೆ ಅದು ಪೆಡಲಿಗೇ ಜೋಡಿಸಿದ್ದು. ಅಮ್ಮ ನನ್ನ ಭುಜ ಹಿಡಿದುಕೊಂಡರು. ಬೀಳಲಿಲ್ಲ. ಆದರೆ ಮತ್ತೆ ಹತ್ತಲಿಲ್ಲ.

ನಾನು ಮೆಕ್ಯಾನಿಕಲ್ ಓದಿದವನು. ಊರಿನಲ್ಲೇ ಸಣ್ಣದೊಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಅವತ್ತು ಮನೆಗೆ ಬಂದ ಮೇಲೆ ಒಂದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಮಂಡಿಗೆ ಒಳ್ಳೆಯದು ಅಂತಲೇ ಹೆಸರು ಮಾಡಿದ ಯಂತ್ರ ಮಂಡಿನೋವಿನವರಿಗೇ ಯಾಕೆ ಆಗುವುದಿಲ್ಲ?

ಮಂಡಿಗೆ ಒಳ್ಳೆಯದು ಅನ್ನುವ ಮಾತು ಸುಳ್ಳಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ನೆಲ ನಮ್ಮ ಕಾಲನ್ನು ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲದಿಂದ ಹಿಂದಕ್ಕೆ ಒದೆಯುತ್ತದೆ. 60 ಕೆಜಿ ತೂಕದವರಿಗೆ ಅದು 120ರಿಂದ 180 ಕೆಜಿ ಭಾರ ಬಿದ್ದ ಹಾಗೆ. ಎಲಿಪ್ಟಿಕಲ್‌ನಲ್ಲಿ ಪಾದ ಪೆಡಲನ್ನು ಬಿಟ್ಟು ಮೇಲೇಳುವುದೇ ಇಲ್ಲ. ಮೇಲೇಳದಿದ್ದರೆ ಬಂದು ಬಡಿಯುವ ಪ್ರಶ್ನೆಯೂ ಇಲ್ಲ ಅಲ್ವಾ? ಸೈಕಲ್‌ಗೆ ಹೋಲಿಸಿದರೆ ಮಂಡಿ ಮಡಚುವುದೂ ಕಡಿಮೆ.

ಈ ಯಂತ್ರ ಹುಟ್ಟಿದ ಕತೆಯಲ್ಲೇ ಅದರ ಮಿತಿಯೂ ಇದೆ ಅಂತ ನನಗೆ ಅನಿಸುತ್ತದೆ. ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿದ್ದ ಲ್ಯಾರಿ ಮಿಲ್ಲರ್ ಎಂಬ ಎಂಜಿನಿಯರ್, ತಮ್ಮ ಮಗಳು ಓಡುವಾಗ ಪಕ್ಕದಲ್ಲಿ ಕಾರು ಓಡಿಸಿಕೊಂಡು ಹೋಗಿ ಅವಳ ಕಾಲಿನ ಚಲನೆಯನ್ನು ವಿಡಿಯೋ ಮಾಡಿಕೊಂಡರು. ಆ ಚಲನೆಯನ್ನೇ ಯಂತ್ರದಲ್ಲಿ ಮೂಡಿಸಲು ಹೊರಟರು. 1995ರ ಹೊತ್ತಿಗೆ ಪ್ರಿಕಾರ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಅಂದರೆ ಈ ಯಂತ್ರದ ಮೂಲದಲ್ಲಿ ಇರುವುದು ನೆಟ್ಟಗೆ ನಿಂತು ಓಡುವ ಎಳೆಯ ದೇಹ. ಆಮೇಲೆ ಎಷ್ಟೋ ಮಾದರಿಗಳು ಬಂದಿವೆ. ಕೂತು ತುಳಿಯುವಂಥವೂ ಇವೆ. ಆದರೆ ನಮ್ಮ ಪಾರ್ಕುಗಳಿಗೆ, ಊರಿನ ಜಿಮ್‌ಗಳಿಗೆ ಬಂದದ್ದು ಬಹುಮಟ್ಟಿಗೆ ನಿಂತು ತುಳಿಯುವ ಮಾದರಿ ಮಾತ್ರ.

ಯಂತ್ರದ ಒಳಗೆ ಏನಿದೆ ನೋಡೋಣ. ತಿರುಗುವ ಒಂದು ಕ್ರ್ಯಾಂಕ್, ಅಂದರೆ ಸೈಕಲ್ ಪೆಡಲು ಕೂರಿಸುವ ತೋಳಿನಂಥದ್ದು. ಅದರ ತುದಿಗೆ ಒಂದು ಉದ್ದ ಪಟ್ಟಿ. ಪಟ್ಟಿಯ ಆ ತುದಿ ರೋಲರ್ ಮೇಲೆ ಹಿಂದೆ ಮುಂದೆ ಜಾರುತ್ತದೆ. ಪಟ್ಟಿಯ ಈ ತುದಿ ಪೂರ್ತಿ ವೃತ್ತ ಸುತ್ತುತ್ತದೆ, ಆ ತುದಿ ಬರೀ ನೇರ ಗೆರೆಯಲ್ಲಿ ಓಡಾಡುತ್ತದೆ. ನಡುವೆ ಎಲ್ಲಿ ಪೆಡಲು ಕೂರಿಸಿದರೂ ಅದರ ಹಾದಿ ಚಪ್ಪಟೆಯಾದ ವೃತ್ತ, ಅಂದರೆ ದೀರ್ಘವೃತ್ತ. ಎಲಿಪ್ಟಿಕಲ್ ಅನ್ನುವ ಹೆಸರು ಬಂದದ್ದೇ ಅದರಿಂದ. ಪೆಡಲನ್ನು ಕ್ರ್ಯಾಂಕ್ ಕಡೆಗೆ ಸರಿಸಿದರೆ ಕಾಲು ಜಾಸ್ತಿ ಮೇಲೇಳುತ್ತದೆ, ರೋಲರ್ ಕಡೆಗೆ ಸರಿಸಿದರೆ ಕಡಿಮೆ. ಆದರೆ ಹಿಂದೆ ಮುಂದೆ ಹೋಗುವ ಉದ್ದ ಮಾತ್ರ ಸುಮಾರಾಗಿ ಅಷ್ಟೇ ಇರುತ್ತದೆ: ಕ್ರ್ಯಾಂಕ್ ತೋಳಿನ ಎರಡರಷ್ಟು. ಹೆಜ್ಜೆ ಚಿಕ್ಕದಾಗಬೇಕಾದರೆ ಕ್ರ್ಯಾಂಕ್ ತೋಳೇ ಚಿಕ್ಕದಾಗಬೇಕು. ಈ ಒಂದು ಮಾತು ನೆನಪಿರಲಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಜಿಮ್‌ಗಳ ದೊಡ್ಡ ಯಂತ್ರಗಳಲ್ಲಿ ಈ ಹೆಜ್ಜೆಯುದ್ದ 18ರಿಂದ 22 ಇಂಚು ಇರುತ್ತದೆ. ಹತ್ತಿರ ಹತ್ತಿರ ಅರ್ಧ ಮೀಟರ್. ಅಮ್ಮನ ಹೆಜ್ಜೆ ಎಷ್ಟು ಅಂತ ತಿಳಿಯಲು ದೊಡ್ಡ ಉಪಕರಣ ಬೇಕಾಗಲಿಲ್ಲ. ಹಿತ್ತಲ ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬಂದಾಗ ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿತ್ತು. ಒಣಗುವ ಮುಂಚೆ ಟೇಪು ಹಿಡಿದೆ. ಹಿಮ್ಮಡಿಯಿಂದ ಹಿಮ್ಮಡಿಗೆ 40 ಸೆಂಟಿಮೀಟರ್, ಒಂದು ಕಡೆ 38. ಅರ್ಧ ಮೀಟರ್ ಹಾದಿಯ ಮೇಲೆ ಇವರನ್ನು ನಿಲ್ಲಿಸಿದರೆ ಪ್ರತಿ ಸುತ್ತಿಗೂ ಸೊಂಟ ಎಳೆದುಕೊಳ್ಳುತ್ತದೆ.

ಅಮ್ಮ ಗಿಡ್ಡ, ಅದು ಅವರೊಬ್ಬರ ಮಾತು ಅಂತ ತಳ್ಳಿಹಾಕುವ ಹಾಗಿಲ್ಲ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರವೇ ಸುಮಾರು 152 ಸೆಂಟಿಮೀಟರ್, ಗಂಡಸರದು ಸುಮಾರು 165. ಭಾರತೀಯರ ದೇಹದ ಅಳತೆಗಳನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಪ್ರಕಟಿಸಿದೆ. ವಿನ್ಯಾಸದವರಲ್ಲಿ ಒಂದು ಸರಳ ಪದ್ಧತಿ ಇದೆ. ಕೈ ಎಟುಕಬೇಕಾದ ವಸ್ತುವಿಗೆ ಗಿಡ್ಡವರನ್ನು ಲೆಕ್ಕ ಹಿಡಿಯಬೇಕು. ಮೈ ತೂರಬೇಕಾದ ಜಾಗಕ್ಕೆ ಎತ್ತರದವರನ್ನು ಹಿಡಿಯಬೇಕು. ಸರಾಸರಿ ಮನುಷ್ಯನನ್ನು ಹಿಡಿದರೆ ಎರಡೂ ಕಡೆಯವರಿಗೆ ತೊಂದರೆ. ಪಾರ್ಕಿನ ಯಂತ್ರಗಳಲ್ಲಿ ಈ ಪದ್ಧತಿ ನನಗೆ ಕಾಣಲಿಲ್ಲ.

ಈಗ ಮುಖ್ಯ ವಿಷಯ. ನಿಲ್ಲಲು ಆಗದವರು ಕೂತು ತುಳಿಯಲಿ ಅಂತ ಈ ಯಂತ್ರಕ್ಕೇ ಒಂದು ಸೀಟು ಬೆಸುಗೆ ಹಾಕಿದರೆ ಆಗುವುದಿಲ್ಲವೇ? ನಾನೂ ಮೊದಲು ಹಾಗೇ ಅಂದುಕೊಂಡೆ. ಕಾಗದದ ಮೇಲೆ ಗೆರೆ ಎಳೆದಾಗ ಅದು ತಪ್ಪು ಅಂತ ಗೊತ್ತಾಯಿತು.

ನಿಂತಾಗ ಪೆಡಲು ಇರುವುದು ಸೊಂಟದ ಕೆಳಗೆ. ಅದು ಹಿಂದೆ ಮುಂದೆ ಸರಿದರೂ ಸೊಂಟದಿಂದ ಪಾದಕ್ಕೆ ಇರುವ ದೂರ ತುಂಬಾ ಬದಲಾಗುವುದಿಲ್ಲ. ಕಾಲು ಗಡಿಯಾರದ ಲೋಲಕದ ಹಾಗೆ ತೂಗುತ್ತದೆ, ಮಂಡಿ ಸ್ವಲ್ಪವೇ ಮಡಚುತ್ತದೆ. ಕೂತಾಗ ಪೆಡಲು ಸೊಂಟದ ಮುಂದೆ ಬರುತ್ತದೆ. ಈಗ ಪೆಡಲು ಹಿಂದಕ್ಕೆ ಬಂದಷ್ಟೂ ಮಂಡಿಯೇ ಮಡಚಿಕೊಳ್ಳಬೇಕು.

ಅಮ್ಮನ ಅಳತೆ ಹಿಡಿದು ಲೆಕ್ಕ ಮಾಡಿದೆ. ತೊಡೆ 36 ಸೆಂಟಿಮೀಟರ್, ಮಂಡಿಯಿಂದ ಹಿಮ್ಮಡಿಗೆ 38. ಕಾಲು ಪೂರ್ತಿ ನೀಡಿದರೆ 74. ಪೂರ್ತಿ ನೀಡಬಾರದು, ಮಂಡಿ ಸೆಟೆದುಕೊಳ್ಳುತ್ತದೆ. ಆದ್ದರಿಂದ ಪೆಡಲು ದೂರ ಹೋದಾಗ 70 ಸೆಂಟಿಮೀಟರ್ ಇರಲಿ. ಹಾದಿ 50 ಸೆಂಟಿಮೀಟರ್ ಆದರೆ ಹತ್ತಿರ ಬಂದಾಗ ಉಳಿಯುವುದು ಬರೀ 20. ಅಷ್ಟರಲ್ಲಿ ಕಾಲು ಮಡಚುವುದು ಆಗದ ಮಾತು. ಹಾದಿ 25ಕ್ಕೆ ಇಳಿಸಿದರೆ ಮಂಡಿ ಸುಮಾರು 105 ಡಿಗ್ರಿ ಮಡಚುತ್ತದೆ. 20ಕ್ಕೆ ಇಳಿಸಿದರೆ ಸುಮಾರು 95 ಡಿಗ್ರಿ, ಅಂದರೆ ಕುರ್ಚಿಯಲ್ಲಿ ಕೂತಿದ್ದಕ್ಕಿಂತ ಒಂಚೂರು ಜಾಸ್ತಿ. ನಿಂತಾಗ 40 ಬೇಕಾದ ಅದೇ ಕಾಲಿಗೆ ಕೂತಾಗ 20 ಸಾಕು. ಮಂಡಿ ಹೆಚ್ಚು ಮಡಚಿದಷ್ಟೂ ಚಿಪ್ಪಿನ ಹಿಂದಿನ ಒತ್ತಡ ಏರುತ್ತದೆ. ಆದ್ದರಿಂದ ನೋವಿದ್ದವರಿಗೆ ಈ 20 ಸೆಂಟಿಮೀಟರ್‌ನ ವ್ಯತ್ಯಾಸ ಸಣ್ಣದಲ್ಲ.

ಇನ್ನೊಂದು ಬದಲಾವಣೆ ಬಲದ್ದು. ನಿಂತಾಗ ಪೆಡಲನ್ನು ಒತ್ತುವುದು ನಮ್ಮ ತೂಕವೇ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರೆ ಯಂತ್ರ ತಿರುಗುತ್ತದೆ. ಕೂತಾಗ ತೂಕವನ್ನು ಸೀಟು ನುಂಗಿಬಿಡುತ್ತದೆ. ಆಗ ಕಾಲು ಮುಂದಕ್ಕೆ ಒದೆಯಬೇಕು. ಮುಂದಕ್ಕೆ ಒದ್ದರೆ ಮೈ ಹಿಂದಕ್ಕೆ ಸರಿಯುತ್ತದೆ. ಗೋಡೆಗೆ ಬೆನ್ನು ಕೊಟ್ಟು ಬೀರು ತಳ್ಳಿದವರಿಗೆ ಇದು ಗೊತ್ತು. ಹಾಗಾಗಿ ಕೂತು ತುಳಿಯುವವರಿಗೆ ಬೆನ್ನಿನ ಆಸರೆ ಬೇಕೇಬೇಕು. ಅದು ಇಲ್ಲದ ಸೀಟಿನಲ್ಲಿ ಜನ ಹಿಡಿಕೆ ಜಗ್ಗಿ ಹಿಡಿದುಕೊಳ್ಳುತ್ತಾರೆ, ಹತ್ತು ನಿಮಿಷಕ್ಕೆ ಭುಜ ನೋಯುತ್ತದೆ. ದೀರ್ಘವೃತ್ತದ ಉದ್ದನೆಯ ಅಕ್ಷವೂ ಕಾಲು ಒದೆಯುವ ದಿಕ್ಕಿಗೇ ಬಾಗಿರಬೇಕು, ಅಂದರೆ ಮುಂದಕ್ಕೆ ಮತ್ತು ಸ್ವಲ್ಪ ಕೆಳಕ್ಕೆ.

ಭಂಗಿ ಬದಲಾದರೆ ಸೀಟು, ಹೆಜ್ಜೆಯುದ್ದ, ಹಾದಿಯ ಓರೆ, ಈ ಮೂರೂ ಒಟ್ಟಿಗೆ ಬದಲಾಗಬೇಕು. ಒಂದನ್ನು ಮಾತ್ರ ಬದಲಿಸಿದರೆ ಯಂತ್ರ ಯಾವ ಭಂಗಿಗೂ ಸರಿಹೊಂದುವುದಿಲ್ಲ.

ಹಾಗಾದರೆ ಕೂರುವವರಿಗೆ ಒಂದು, ನಿಲ್ಲುವವರಿಗೆ ಒಂದು, ಬೇರೆ ಬೇರೆ ಯಂತ್ರ ಮಾಡಬಹುದಲ್ಲ? ಮಾಡಬಹುದು. ಆದರೂ ಒಂದೇ ಯಂತ್ರ ಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ಇದೆ. ಕೂತೇ ತುಳಿಯುತ್ತಿದ್ದರೆ ಮಂಡಿ ಸಡಿಲವಾಗುತ್ತದೆ, ತೊಡೆಗೆ ಬಲ ಬರುತ್ತದೆ. ಆದರೆ ಮೂಳೆ ಗಟ್ಟಿಯಾಗಿರಲು ಮೈಭಾರ ಕಾಲಿನ ಮೇಲೆ ಬೀಳಬೇಕು. ಸಮತೋಲ ಕಲಿಯಲು ನಿಲ್ಲಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ವ್ಯಾಯಾಮ ಅಂತಿದೆ. 65 ದಾಟಿದವರಿಗೆ ಅದರ ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲ ಮತ್ತು ಬಲ ಹೆಚ್ಚಿಸುವ ಚಟುವಟಿಕೆಯೂ ಬೇಕು ಅಂತ ಸೇರಿಸಿದ್ದಾರೆ. ಕೂತಲ್ಲೇ ಇದ್ದರೆ ಅದು ಸಿಗುವುದಿಲ್ಲ. ಕೂರುವುದರಿಂದ ನಿಲ್ಲುವುದಕ್ಕೆ ಒಂದೇ ಸಲ ಹಾರಲು ಆಗದವರಿಗೆ ನಡುವೆ ಒಂದು ಮೆಟ್ಟಿಲು ಬೇಕು.

ಆ ಮೆಟ್ಟಿಲನ್ನು ನಾನು "ಒರಗು" ಅಂತ ಕರೆಯುತ್ತೇನೆ. ತೋಟದಲ್ಲಿ ಹಣ್ಣು ಕೊಯ್ಯುವವರು ಸುಸ್ತಾದಾಗ ಪೂರ್ತಿ ಕೂರುವುದಿಲ್ಲ. ಸಿಲ್ವರ್ ಮರಕ್ಕೋ ಕಟ್ಟೆಗೋ ಹಿಂಭಾಗ ಆನಿಸಿ ಅರೆನಿಂತ ಹಾಗೆ ನಿಲ್ಲುತ್ತಾರೆ. ಭಾರದಲ್ಲಿ ಒಂದು ಪಾಲು ಮರಕ್ಕೆ, ಒಂದು ಪಾಲು ಕಾಲಿಗೆ. ಯಂತ್ರದಲ್ಲೂ ಹಾಗೇ ಮಾಡಬಹುದು. ಸೀಟನ್ನು ಎತ್ತರಿಸುತ್ತಾ ಹೋದರೆ ಕಾಲಿನ ಮೇಲೆ ಬೀಳುವ ಭಾರ ಹೆಚ್ಚುತ್ತಾ ಹೋಗುತ್ತದೆ. ಮೊದಲ ವಾರ ಕುರ್ಚಿಯ ಎತ್ತರ. ತಿಂಗಳು ಕಳೆದ ಮೇಲೆ ಒಂದು ತೂತು ಮೇಲೆ. ಇನ್ನೂ ಧೈರ್ಯ ಬಂದ ಮೇಲೆ ಸೀಟನ್ನು ಬರೀ ಆಸರೆಗೆ ಬಿಟ್ಟು ನಿಲ್ಲುವುದು. ಅಮ್ಮನ ಅಳತೆಗೆ ಇದು ನೆಲದಿಂದ 50ರಿಂದ 85 ಸೆಂಟಿಮೀಟರ್ ಒಳಗೆ ಬರುತ್ತದೆ.

ವರ್ಕ್‌ಶಾಪಿನಲ್ಲಿ ಬಿಡುವಾದಾಗಲೆಲ್ಲ ಇದನ್ನು ಕಟ್ಟಿಕೊಂಡು ಬಂದಿದ್ದೇನೆ. ಸ್ಕ್ವೇರ್ ಪೈಪಿನ ಚೌಕಟ್ಟು. ಕ್ರ್ಯಾಂಕ್ ತೋಳಿಗೆ 10, 15, 20 ಸೆಂಟಿಮೀಟರ್‌ನಲ್ಲಿ ಮೂರು ತೂತು. ಹೆಜ್ಜೆ 20, 30, 40 ಆಗುತ್ತದೆ. ಹಾದಿಯನ್ನು ಓರೆ ಮಾಡಲು ಕಾರಿನ ಸ್ಕ್ರೂ ಜ್ಯಾಕ್ ಹಾಕಿದೆ. ಅದರ ಒಂದು ಗುಣ ನನಗೆ ಇಷ್ಟ: ಹ್ಯಾಂಡಲ್ ಕೈಬಿಟ್ಟರೂ ಭಾರಕ್ಕೆ ತಾನಾಗಿ ಇಳಿಯುವುದಿಲ್ಲ. ಸೀಟಿನ ಮೂರು ಎತ್ತರಕ್ಕೂ, ತೂತಿಗೂ, ಜ್ಯಾಕಿನ ಗುರುತಿಗೂ ಒಂದೇ ಬಣ್ಣ ಬಳಿದಿದ್ದೇನೆ. ಕೂರಲು ಕೆಂಪಿಗೆ ಕೆಂಪು, ಒರಗಲು ಹಳದಿಗೆ ಹಳದಿ, ನಿಲ್ಲಲು ಹಸಿರಿಗೆ ಹಸಿರು. ಮೂರನ್ನೂ ಒಂದೇ ಲಿವರ್‌ನಿಂದ ಬದಲಿಸುವುದು ಸರಿಯಾದ ದಾರಿ. ತಿರುಗುವ ಕ್ರ್ಯಾಂಕ್‌ನ ಪಿನ್ನನ್ನು ಹೊರಗಿನಿಂದ ಸರಿಸುವ ಸುಲಭ ಉಪಾಯ ನನಗೆ ಇನ್ನೂ ಹೊಳೆದಿಲ್ಲ. ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಇದೇ ಊರಿನಲ್ಲಿದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಮಕ್ಕಳು ಇದನ್ನು ಕೈಗೆತ್ತಿಕೊಂಡರೆ ನನಗೆ ತುಂಬಾ ಸಂತೋಷ.

ಫ್ಲೈವೀಲ್ ವಿಚಾರ ಸ್ವಲ್ಪ ಹೇಳಲೇಬೇಕು. ತುಳಿತ ಮೆತ್ತಗೆ ಸಾಗಲು ಒಂದು ಭಾರದ ಚಕ್ರ ಬೇಕು. 8 ಕೆಜಿ ತೂಕ, 20 ಸೆಂಟಿಮೀಟರ್ ತ್ರಿಜ್ಯದ ಚಕ್ರ ಇಟ್ಟುಕೊಳ್ಳಿ. ಕ್ರ್ಯಾಂಕ್ ನಿಮಿಷಕ್ಕೆ 60 ಸುತ್ತು ಹೋದಾಗ ಚಕ್ರ ಅದರ ಎಂಟು ಪಟ್ಟು ತಿರುಗಿದರೆ ಅದರಲ್ಲಿ ಸುಮಾರು 200 ಜೌಲ್ ಶಕ್ತಿ ತುಂಬಿರುತ್ತದೆ. 20 ಕೆಜಿ ಅಕ್ಕಿ ಮೂಟೆ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಚಕ್ರ ಪೆಡಲಿಗೆ ನೇರ ಜೋಡಿಸಿದ್ದರೆ ನಾವು ನಿಲ್ಲಿಸಬೇಕು ಅಂದುಕೊಂಡರೂ ಅಷ್ಟೂ ಶಕ್ತಿ ಕಾಲನ್ನು ಎಳೆದುಕೊಂಡು ಹೋಗುತ್ತದೆ. ಗಟ್ಟಿ ಕಾಲಿನವರಿಗೆ ಅದು ಲೆಕ್ಕಕ್ಕಿಲ್ಲ. ಮಂಡಿ ಆಪರೇಷನ್ ಆಗಿ ಎರಡು ತಿಂಗಳಾದವರಿಗೆ ಅದು ಅಪಾಯ. ವೇಗ ಅರ್ಧವಾದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಆದರೂ ನಂಬಿ ಕೂರುವ ಹಾಗಿಲ್ಲ. ನಾನು ಸೈಕಲ್‌ನ ಫ್ರೀವೀಲ್ ಹಾಕಿದೆ. ಕಾಲು ನಿಂತರೆ ಚಕ್ರ ಮಾತ್ರ ತಿರುಗುತ್ತಿರುತ್ತದೆ. ಇದರಿಂದ ಒಂದು ನಷ್ಟ ಇದೆ: ಹಿಂದಕ್ಕೆ ತುಳಿದರೆ ಬಿಗಿ ಸಿಗುವುದಿಲ್ಲ. ಜಿಮ್‌ನ ಹುಡುಗರಿಗೆ ಅದು ಬೇಸರ ತರಬಹುದು. ನಾನು ಆ ನಷ್ಟವನ್ನು ಒಪ್ಪಿಕೊಂಡಿದ್ದೇನೆ.

ಫ್ರೀವೀಲ್ ಇದ್ದರೆ ಹತ್ತುವಾಗ ಪೆಡಲು ಕುಸಿಯುವ ತೊಂದರೆ ಇನ್ನೂ ಜಾಸ್ತಿ, ಹಿಂದಕ್ಕೆ ಅದು ಪೂರ್ತಿ ಸಡಿಲ. ಅದಕ್ಕೆ ಕ್ರ್ಯಾಂಕ್ ಕಚ್ಚಿ ಹಿಡಿಯುವ ಹ್ಯಾಂಡ್‌ಬ್ರೇಕ್ ಇಟ್ಟೆ. ಬ್ರೇಕ್ ಎಳೆದು, ಸೀಟಿನ ಮೇಲೆ ಪಕ್ಕದಿಂದ ಕೂತು, ಕಾಲನ್ನು ಒಳಗೆ ತಿರುಗಿಸಿ, ಪೆಡಲಿನ ಮೇಲೆ ಇಟ್ಟ ಮೇಲೆ ಬ್ರೇಕ್ ಬಿಡಬೇಕು. ಕೂರುವವರಿಗೂ ನಿಲ್ಲುವವರಿಗೂ ಒಂದೇ ಕ್ರಮ. ಪಾರ್ಕಿನ ಯಂತ್ರಕ್ಕೆ ಇಷ್ಟೊಂದು ಇದ್ದಿದ್ದರೆ ಅಮ್ಮ ಅವತ್ತು ಬೆದರುತ್ತಿರಲಿಲ್ಲ.

ಬಿಗಿ ಕೊಡಲು ಮ್ಯಾಗ್ನೆಟ್ ಸಾಕು. ತಿರುಗುವ ಲೋಹದ ಚಕ್ರದ ಹತ್ತಿರ ಮ್ಯಾಗ್ನೆಟ್ ತಂದರೆ ಚಕ್ರದೊಳಗೆ ಸುಳಿಯಂತೆ ವಿದ್ಯುತ್ ಹರಿದು ಅದೇ ಚಕ್ರವನ್ನು ತಡೆಯುತ್ತದೆ. ಉಜ್ಜುವುದಿಲ್ಲ, ಸವೆಯುವುದಿಲ್ಲ, ಕರೆಂಟೂ ಬೇಡ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಸಕಲೇಶಪುರ, ಮೂಡಿಗೆರೆ ಕಡೆಗೆ ಇದು ದೊಡ್ಡ ಅನುಕೂಲ. ನಿಜವಾಗಿ ಈ ಯಂತ್ರ ಹೆಚ್ಚು ಬೇಕಾಗಿರುವುದೂ ಆ ಕಡೆಯವರಿಗೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಜಡಿಮಳೆ, ಜಾರುವ ನೆಲ, ಉಂಬಳ. ವಯಸ್ಸಾದವರು ವಾಕಿಂಗ್ ಹೋಗುವುದು ಎಲ್ಲಿಗೆ? ನಾಲ್ಕು ತಿಂಗಳು ಮನೆಯೊಳಗೆ ಕೂತರೆ ಮಂಡಿ ಮತ್ತೆ ಬಿಗಿದುಕೊಳ್ಳುತ್ತದೆ. ತೋಟದಲ್ಲಿ ದುಡಿದವರಿಗೆ ವ್ಯಾಯಾಮ ಯಾಕೆ ಅಂತ ಕೇಳುವವರಿದ್ದಾರೆ. ದುಡಿಮೆ ಮೈಯನ್ನು ಒಂದೇ ರೀತಿ ಬಳಸುತ್ತದೆ, ನೋವು ಬಂದ ಮೇಲೆ ಬೇಕಾಗುವ ಚಲನೆ ಬೇರೆ.

ಸೀರೆಯ ಮಾತು ವಿನ್ಯಾಸದ ಪುಸ್ತಕಗಳಲ್ಲಿ ಸಿಗುವುದು ಕಷ್ಟ. ಆದರೆ ನಮ್ಮಲ್ಲಿ ಅದು ಮೊದಲ ಮಾತಾಗಬೇಕು. ಸೆರಗು, ನೆರಿಗೆ, ನೈಟಿಯ ಅಂಚು, ಚೂಡಿದಾರದ ವೇಲು, ಇವೆಲ್ಲ ತೆರೆದ ಕ್ರ್ಯಾಂಕ್‌ಗೆ ಸಿಕ್ಕಿಕೊಳ್ಳುತ್ತವೆ. ಕ್ರ್ಯಾಂಕ್ ಮತ್ತು ರೋಲರ್ ಎರಡಕ್ಕೂ ಪೂರ್ತಿ ಮುಚ್ಚಳ ಬೇಕು. ಕಾಲು ಎತ್ತಿ ದಾಟಬೇಕಾದ ಅಡ್ಡಪಟ್ಟಿ ಒಂದು ಗೇಣಿಗಿಂತ ಎತ್ತರ ಇರಬಾರದು. ಪೆಡಲು ಬರಿಗಾಲಿಗೂ ಹವಾಯಿ ಚಪ್ಪಲಿಗೂ ಜಾರಬಾರದು, ಹಿಮ್ಮಡಿಯ ಹಿಂದೆ ಒಂದು ಸಣ್ಣ ಅಂಚು ಇರಬೇಕು.

ಮಗುಚಿ ಬೀಳುವ ಲೆಕ್ಕವನ್ನೂ ಮರೆಯಬಾರದು. ಯಂತ್ರ 60 ಕೆಜಿ, ಅದರ ಭಾರದ ಕೇಂದ್ರ ಹಿಂದಿನ ಕಾಲಿಗಿಂತ 50 ಸೆಂಟಿಮೀಟರ್ ಮುಂದೆ ಇದೆ ಅಂತಿಟ್ಟುಕೊಳ್ಳಿ. 90 ಕೆಜಿಯ ಒಬ್ಬರು ಸೀಟಿಗೆ ಒರಗಿ, ಅವರ ಭಾರ ಹಿಂದಿನ ಕಾಲಿಗಿಂತ 30 ಸೆಂಟಿಮೀಟರ್ ಹೊರಗೆ ಬಿತ್ತು ಅನ್ನಿ. 60ನ್ನು 50ರಿಂದ ಗುಣಿಸಿದರೆ 3000, 90ನ್ನು 30ರಿಂದ ಗುಣಿಸಿದರೆ 2700. ಯಂತ್ರ ನಿಂತಿದೆ, ಆದರೆ ಅಂಚಿನಲ್ಲಿದೆ. ಜೋರಾಗಿ ಒಂದು ಸಲ ಹಿಂದಕ್ಕೆ ಒರಗಿದರೂ ಮುಂದಿನ ಕಾಲು ಏಳುತ್ತದೆ. ನಿಂತು ತುಳಿಯುವ ಯಂತ್ರಕ್ಕೆ ಸುಮ್ನೆ ಸೀಟು ಸೇರಿಸುವವರು ಎಡವುವುದು ಇಲ್ಲೇ. ತಳ ಸೀಟಿನ ಹಿಂದಕ್ಕೂ ಚಾಚಿರಬೇಕು. ಎಲಿಪ್ಟಿಕಲ್ ಯಂತ್ರಗಳ ಸುರಕ್ಷತೆಗೆ ಐಎಸ್‌ಒ 20957ರ 9ನೇ ಭಾಗ ಅಂತ ಪ್ರತ್ಯೇಕ ಮಾನದಂಡವೇ ಇದೆ. ಪಾರ್ಕಿಗೆ, ಸಮುದಾಯ ಭವನಕ್ಕೆ, ತೋಟದ ಲೈನ್ ಮನೆಗಳ ಹತ್ತಿರಕ್ಕೆ ಯಂತ್ರ ಕೊಳ್ಳುವವರು ಬೆಲೆಪಟ್ಟಿ ನೋಡುವ ಮುಂಚೆ ಇಂಥ ಪರೀಕ್ಷೆ ಆಗಿದೆಯೇ ಅಂತ ಕೇಳಬೇಕು. ಜೊತೆಗೆ ಊರಿನ ಒಬ್ಬ ಅಜ್ಜಿಯನ್ನು ಕರೆದುಕೊಂಡು ಹೋಗಿ ಹತ್ತಿಸಿ ಇಳಿಸಿ ನೋಡಬೇಕು.

ಕೂತು ತುಳಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ತೂಕ ಹೊರುವ ಕೆಲಸ ಇಲ್ಲದ್ದರಿಂದ ಎದೆಬಡಿತ ಅಷ್ಟು ಏರುವುದಿಲ್ಲ. ಕೈಗಳಿಗೂ ಕೆಲಸ ಕೊಟ್ಟರೆ ಸ್ವಲ್ಪ ಸುಧಾರಿಸುತ್ತದೆ. ಆಪರೇಷನ್ ಆದವರು, ಪಾರ್ಶ್ವವಾಯು ಆದವರು ತಮ್ಮ ಫಿಸಿಯೋಥೆರಪಿಸ್ಟ್ ಒಪ್ಪದೆ ಯಾವ ಭಂಗಿಯನ್ನೂ ಶುರು ಮಾಡಬಾರದು.

ಅಮ್ಮ ಈಗ ದಿನಾ ಸಂಜೆ ವರ್ಕ್‌ಶಾಪಿಗೆ ಬರುತ್ತಾರೆ. ಕೆಂಪು ಗುರುತಿನಲ್ಲಿ ಹತ್ತು ನಿಮಿಷ, ಹಳದಿಯಲ್ಲಿ ಮೂರು ನಿಮಿಷ. ಶ್ರವಣಬೆಳಗೊಳದ ದೊಡ್ಡ ಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು, ಒಂದು ಸಲ ಹತ್ತಬೇಕು ಅಂತ ಅವರ ಆಸೆ. ಅದು ಆಗುತ್ತದೆಯೋ ಇಲ್ಲವೋ ನಾನು ಮಾತು ಕೊಟ್ಟಿಲ್ಲ. ಮೊನ್ನೆ ತುಳಿಯುತ್ತಲೇ ಅಂದರು, "ಮಗಾ, ಕೆಳಗೆ ಕೂತಾಗ ಈ ಹಿಡಿಕೆ ಮಂಡಿಗೆ ತಾಗುತ್ತಲ್ಲೋ." ನೋಡಿದೆ, ನಿಜ. ನಿಂತಾಗ ಸರಿಯಾಗಿದ್ದ ಹಿಡಿಕೆಯ ಹಾದಿ ಕೂತಾಗ ಮಂಡಿಯ ಹಾದಿಗೆ ಅಡ್ಡ ಬರುತ್ತದೆ. ಸೀಟು, ಹೆಜ್ಜೆ, ಓರೆ ಅಂತ ಮೂರೇ ಲೆಕ್ಕ ಹಾಕಿದ್ದೆ, ಕೈಯನ್ನು ಬಿಟ್ಟಿದ್ದೆ. ಭಾನುವಾರ ಹಿಡಿಕೆಯನ್ನು ಬುಡದಲ್ಲಿ ಕತ್ತರಿಸಿ, ಎರಡು ಇಂಚು ಹೊರಗೆ ಸರಿಸಿ ಮತ್ತೆ ಬೆಸುಗೆ ಹಾಕಬೇಕು.